ಆರು ಇಂಚಿನ ಬೋಲ್ಟು

ನನಗೆ ಸಿಟ್ಟು ಬೇಗ ಬರುತ್ತದೆ. ಮನೆಗೆ ಬಂದವರಿಗೆಲ್ಲ ನನ್ನ ಹೆಂಡತಿ ಇದನ್ನು ಚಹಾದ ಜೊತೆಗೇ ಹೇಳಿಬಿಡುತ್ತಾಳೆ. ಮುಂಬಯಿಯಲ್ಲಿ ಬೊರಿವಲಿಯಿಂದ ಅಂಧೇರಿಗೆ ಇಷ್ಟು ವರ್ಷ ಲೋಕಲ್‌ನಲ್ಲಿ ನಿಂತುಕೊಂಡೇ ಹೋಗಿಬಂದವನಿಗೆ ಸಿಟ್ಟು ಬರದಿದ್ದರೆ ಅವನನ್ನು ಡಾಕ್ಟರಿಗೆ ತೋರಿಸಬೇಕು ಎಂಬುದು ನನ್ನ ವಾದ. ಆದರೆ ಈಗ ಬರೆಯಲು ಕೂತಿರುವುದು ಲೋಕಲ್‌ನ ಸಿಟ್ಟಿನ ಬಗ್ಗೆ ಅಲ್ಲ. ಹೋದ ಬೇಸಿಗೆಯಲ್ಲಿ ನಮ್ಮ ಬಿಲ್ಡಿಂಗಿನ ಟೆರೇಸಿನ ಮೇಲೆ ಎದ್ದ ಒಂದು ತಗಡಿನ ಶೆಡ್ಡಿನ ಬಗ್ಗೆ. ಅದರ ಸಿಟ್ಟು ನನ್ನಲ್ಲಿ ಇನ್ನೂ ಆರಿಲ್ಲ.

ನಾನು ಧಾರವಾಡದ ಕಡೆಯವನು, ಸ್ಟ್ರಕ್ಚರಲ್ ಎಂಜಿನಿಯರ್. ಅಂಧೇರಿಯ ಒಂದು ಸಣ್ಣ ಆಫೀಸಿನಲ್ಲಿ ಕೂತು ಪೋರ್ಟಲ್ ಫ್ರೇಮುಗಳ ಲೆಕ್ಕ ಹಾಕುವುದು ನನ್ನ ಹೊಟ್ಟೆಪಾಡು. ಹೆಸರು ಕೇಳಿ ಹೆದರಬೇಕಾಗಿಲ್ಲ. ಎರಡು ಕಬ್ಬಿಣದ ಕಂಬ, ಅವುಗಳ ನೆತ್ತಿಯಿಂದ ಹೊರಟು ನಡುವೆ ಕೂಡುವ ಎರಡು ಇಳಿಜಾರು ತೊಲೆ, ಅಷ್ಟೇ. ಕಂಬವೂ ತೊಲೆಯೂ ಸೇರುವ ಮೂಲೆಯನ್ನು ಅಲುಗದಂತೆ ಬಿಗಿದುಬಿಟ್ಟರೆ ನಾಲ್ಕೂ ಸೇರಿ ಒಂದೇ ಮೈಯಾಗುತ್ತದೆ. ಆಮೇಲೆ ನಡುವೆ ಕಂಬ ಬೇಡ. ಇಂಥ ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿ ಮೇಲೆ ತಗಡು ಹೊದಿಸಿದರೆ ಗೋಡೌನಾಗುತ್ತದೆ, ಕಾರ್ಖಾನೆಯಾಗುತ್ತದೆ, ಬ್ಯಾಡ್ಮಿಂಟನ್ ಹಾಲ್ ಆಗುತ್ತದೆ, ಸಿನಿಮಾದವರು ಸೆಟ್ ಹಾಕುವ ದೊಡ್ಡ ಶೆಡ್ ಆಗುತ್ತದೆ. ಈ ಊರಿನ ಸುತ್ತ ರೈಲಿನ ಕಿಟಕಿಯಿಂದ ಕಾಣುವ ಉದ್ದನೆಯ ತಗಡಿನ ಮಾಡುಗಳಲ್ಲಿ ಕೆಲವು ನನ್ನವು. ತೋರಿಸಿದರೆ ಯಾರೂ ನೋಡುವುದಿಲ್ಲ. ಆ ಸಿಟ್ಟು ಬೇರೆ.

ಶೆಡ್ಡು ಅಂದರೆ ಜನರಿಗೆ ಬೀಳುವ ಭಯ. ನನಗೆ ಹಾರುವ ಭಯ. ತಗಡಿನ ಮಾಡು ಬಹಳ ಹಗುರ. ಮಳೆಗಾಲದ ಗಾಳಿ ಅದರ ಕೆಳಗೆ ನುಗ್ಗಿದರೆ ಇಡೀ ಚೌಕಟ್ಟನ್ನು ಮೇಲಕ್ಕೆ ಎತ್ತುತ್ತದೆ. ಸುಮ್ಮನೆ ನಿಂತಿದ್ದಾಗಲೂ ಅದರ ಕಾಲುಗಳು ಹೊರಗಡೆಗೆ ಜಾರಲು ನೋಡುತ್ತಿರುತ್ತವೆ. ಆದ್ದರಿಂದ ಮೇಲೆ ಎಷ್ಟು ಚಂದದ ತೊಲೆ ಹಾಕಿದರೂ ಕೊನೆಗೆ ಎಲ್ಲವೂ ಕಾಲಿನ ಬುಡದಲ್ಲಿರುವ ನಾಲ್ಕು ಬೋಲ್ಟಿನ ಮೇಲೆ ನಿಂತಿರುತ್ತದೆ. ಇದನ್ನು ನಮ್ಮ ಬಿಲ್ಡಿಂಗಿನವರ ಸೊಸೈಟಿಯ ಮೀಟಿಂಗಿನಲ್ಲಿ ಎರಡು ಸಲ ಕೂಗಿ ಕೂಗಿ ಹೇಳಿದೆ.

ನಮ್ಮದು ಏಳು ಮಹಡಿಯ ಹಳೇ ಬಿಲ್ಡಿಂಗ್, ನಾವಿರುವುದು ಏಳನೆಯದರಲ್ಲಿ. ಪ್ರತಿ ಜೂನ್‌ನಲ್ಲಿ ಮಲಗುವ ಕೋಣೆಯ ಮೂಲೆ ಹಸಿಯಾಗುತ್ತದೆ. ಸುತ್ತಲಿನ ಬಿಲ್ಡಿಂಗುಗಳೆಲ್ಲ ಟೆರೇಸಿನ ಮೇಲೆ ಶೆಡ್ ಹಾಕಿಸಿಕೊಂಡು ಸುಖವಾಗಿರುವುದನ್ನು ನೋಡಿ ನಮ್ಮವರೂ ಹಾಕಿಸೋಣ ಎಂದರು. ಬೆಳಗಿನ ವಾಕಿಂಗಿಗೆ, ಹಪ್ಪಳ ಒಣಗಿಸಲು, ಗಣಪತಿಗೆ ನಡುವೆ ಕಂಬ ಅಡ್ಡ ಬರಬಾರದು ಎಂಬುದು ಅವರ ಷರತ್ತು. ಹಾಗಾದರೆ ಪೋರ್ಟಲ್ ಫ್ರೇಮೇ ಸರಿ, ಡ್ರಾಯಿಂಗು ನಾನೇ ಮಾಡಿಕೊಡುತ್ತೇನೆ ಅಂದೆ. ಅಲ್ಲಿಯವರೆಗೆ ಎಲ್ಲರೂ ಚಪ್ಪಾಳೆ. ಕಾಲುಗಳನ್ನು ಬೋಲ್ಟು ಹಾಕಿ ಬಿಗಿಯಬೇಕು ಅಂದ ಕೂಡಲೇ ಸೆಕ್ರೆಟರಿ ಎದ್ದು ನಿಂತರು. ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಡುವ, ಯಾರ ಮಾತನ್ನೂ ಪೂರ್ತಿ ಕೇಳದ ಮನುಷ್ಯ.

"ಛೇದ್ ಬಿಲ್ಕುಲ್ ನಹೀ! ಸೋರುವುದು ನಿಲ್ಲಲಿ ಅಂತ ಶೆಡ್ ಹಾಕಿಸುತ್ತಿದ್ದೇವೆ. ನೀವು ಟೆರೇಸಿಗೇ ತೂತು ಹೊಡೆಯಿರಿ ಅನ್ನುತ್ತೀರಿ. ಕೋಬಾ ಒಡೆದರೆ ಸೋರದೆ ಏನಾಗುತ್ತದೆ?"

ಕೋಬಾ ಅಂದರೆ ಟೆರೇಸಿನ ಕಾಂಕ್ರೀಟಿನ ಮೇಲೆ ಇಟ್ಟಿಗೆ ಚೂರು ಹರಡಿ, ಗಾರೆ ತುಂಬಿ, ನೀರು ಹರಿಯಲು ಇಳಿಜಾರು ಕೊಟ್ಟು ಮಾಡಿದ ದಪ್ಪ ಹೊದಿಕೆ. ಮುಂಬಯಿಯ ಹಳೇ ಬಿಲ್ಡಿಂಗುಗಳ ತಲೆಯ ಮೇಲೆಲ್ಲ ಅದೇ. ಸೆಕ್ರೆಟರಿಯ ಪ್ರಕಾರ ಕಂಬಗಳನ್ನು ಸಿಮೆಂಟಿನ ದಿಮ್ಮಿಗಳ ಮೇಲೆ ಸುಮ್ಮನೆ ಇಟ್ಟರೆ ಸಾಕು, ಭಾರಕ್ಕೆ ತಾವೇ ನಿಲ್ಲುತ್ತವೆ. ನಾನು ಅವರನ್ನು ಕಿಟಕಿಯ ಹತ್ತಿರ ಕರೆದೊಯ್ದು ಕೆಳಗೆ ತೋರಿಸಿದೆ. ನಮ್ಮ ಕಂಪೌಂಡಿಗೆ ಅಂಟಿಕೊಂಡೇ ಒಂಟಿ ಕೋಣೆಗಳ ಸಾಲುಮನೆಯ ಒಂದು ಚಾಳು, ಅದರ ಕೊನೆಯ ಕೋಣೆಯಲ್ಲಿ ಅಂಗನವಾಡಿ. ಬೆಳಿಗ್ಗೆ ಮಕ್ಕಳ ಹಾಡು ಏಳನೇ ಮಹಡಿಯವರೆಗೂ ಕೇಳುತ್ತದೆ. "ಗಾಳಿಗೆ ಎದ್ದ ಶೆಡ್ಡು ನಿಮ್ಮ ಮನೆಯ ಮೇಲೆ ಬೀಳುವುದಿಲ್ಲ, ಅಗೋ ಅಲ್ಲಿ ಬೀಳುತ್ತದೆ," ಅಂದೆ. ನನ್ನ ದನಿ ಎಷ್ಟು ಏರಿತ್ತೆಂದರೆ ಮೀಟಿಂಗಿಗೆ ಬಂದಿದ್ದ ಮಕ್ಕಳು ಆಟ ನಿಲ್ಲಿಸಿ ನೋಡಿದವು. ಕೊನೆಗೆ ಬೋಲ್ಟಿಗೆ ಒಪ್ಪಿಕೊಂಡರು. ನಾನು ಗೆದ್ದೆ. ಗೆದ್ದ ಹುಮ್ಮಸ್ಸಿನಲ್ಲಿ ಎರಡೇ ದಿನಕ್ಕೆ ಡ್ರಾಯಿಂಗು ಮುಗಿಸಿ ಕೊಟ್ಟೆ.

ಕೆಲಸ ಮಾಡಲು ಜನವನ್ನೂ ನಾನೇ ತಂದೆ. ವಿಜಯಪುರ ಜಿಲ್ಲೆಯ ಒಬ್ಬ ಮಿಸ್ತ್ರಿ, ಹಲವು ವರ್ಷದ ಪರಿಚಯ, ಹೆಚ್ಚು ಕಡಿಮೆ ನನ್ನದೇ ವಯಸ್ಸು, ದಹಿಸರ್‌ನಲ್ಲಿ ಫ್ಯಾಬ್ರಿಕೇಶನ್ ಅಂಗಡಿ. ಆತನ ವೆಲ್ಡಿಂಗನ್ನು ಬೆರಳಿನಿಂದ ಸವರಿ ನೋಡಬೇಕು ಅನ್ನಿಸುವಷ್ಟು ನೀಟು. ನಾವಿಬ್ಬರೂ ಮೊದಲಿನಿಂದ ಕನ್ನಡದಲ್ಲೇ ಮಾತು, ಇಬ್ಬರೂ ಒಬ್ಬರಿಗೊಬ್ಬರು 'ರೀ' ಹಚ್ಚಿಯೇ. ಮೊದಲ ದಿನ ಡ್ರಾಯಿಂಗನ್ನು ಟೆರೇಸಿನ ಕಟ್ಟೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿ ಹೇಳಿದರು:

"ನಿಮ್ಮ ಮನಿ ನೆತ್ತಿ ಮ್ಯಾಲಿನ ಕೆಲಸ ಅಂದ್ರ ನಮ್ಮ ಮನಿ ಕೆಲಸ ಇದ್ದಂಗರೀ ಸಾಹೇಬ್ರ. ನೀವು ಎಷ್ಟ ಬರದೀರಿ ಅಷ್ಟ ಮಾಡ್ತೀನಿ. ಕಮ್ಮಿ ಇಲ್ಲ, ಜಾಸ್ತಿ ಇಲ್ಲ."

ಹಾಗೆಯೇ ಮಾಡಿದರು. ಆರು ಚೌಕಟ್ಟು, ಹನ್ನೆರಡು ಕಾಲು, ಪ್ರತಿ ಕಾಲೂ ಬಿಲ್ಡಿಂಗಿನ ಒಂದೊಂದು ಕಂಬದ ನೆತ್ತಿಗೆ ಸರಿಯಾಗಿ. ಮೊದಲ ಎರಡು ಚೌಕಟ್ಟು ಎದ್ದ ಕೂಡಲೇ ಅವುಗಳ ನಡುವೆ ಓರೆ ಸರಳುಗಳನ್ನು ಎಳೆದು ಬಿಗಿದು, ಆಮೇಲೆ ಮೂರನೆಯದಕ್ಕೆ ಕೈ ಹಾಕಿದರು. ಹಾಗೆ ಮಾಡಬೇಕೆಂದು ಎಷ್ಟು ಜನಕ್ಕೆ ಎಷ್ಟು ಸಲ ಬೈದು ಕಲಿಸಿದ್ದೇನೋ, ಈ ಮನುಷ್ಯನಿಗೆ ಹೇಳಬೇಕಾಗಲೇ ಇಲ್ಲ. ಒಂದು ಸಂಜೆ ನಾನು ಮೇಲೆ ಹೋಗಿ ಬೋಲ್ಟುಗಳನ್ನು ಎಣಿಸಿದೆ. ನಲವತ್ತೆಂಟು. ನಟ್ಟು ಬಿಗಿಯುವ ಪಾನಾ ಹಿಡಿದು ಒಂದೊಂದಕ್ಕೂ ಟಣ್ ಎಂದು ತಟ್ಟಿದೆ. ಪರೀಕ್ಷಿಸಿದ್ದೇನೆ, ಎಲ್ಲ ಸರಿಯಿದೆ ಎಂದು ಸೊಸೈಟಿಗೆ ಪತ್ರ ಬರೆದು ಸಹಿ ಮಾಡಿದೆ. ತಗಡು ಏರಿತು. ಸೆಕ್ರೆಟರಿ ಪೇಡೆ ಹಂಚಿದರು.

ಮೇ ತಿಂಗಳ ಕೊನೆಯ ಒಂದು ಭಾನುವಾರ ಬೆಳಿಗ್ಗೆ ಗಾಳಿ ಶುರುವಾಗಿತ್ತು. ಮಳೆಗೆ ಮುಂಚೆ ಈ ಊರಿಗೆ ಬರುವ ಉಪ್ಪುಪ್ಪು ಗಾಳಿ. ಮೇಲಿನಿಂದ ಟಕ್ ಟಕ್ ಎಂಬ ಸದ್ದು ಕೇಳಿಸುತ್ತಿತ್ತು. ತಗಡಿನದಿರಬೇಕು ಎಂದು ಪಾನಾ ತೆಗೆದುಕೊಂಡು ಹೋದೆ. ತಗಡಿನದಲ್ಲ. ಸಮುದ್ರದ ಕಡೆಯ ಒಂದು ಕಾಲು, ಗಾಳಿ ಬಂದಾಗಲೆಲ್ಲ ತುಸು ಎದ್ದು ಮತ್ತೆ ಕೂರುತ್ತಿತ್ತು. ನಟ್ಟಿಗೆ ಪಾನಾ ಹಾಕಿ ತಿರುಗಿಸಿದೆ. ನಟ್ಟಿನ ಜೊತೆಗೆ ಬೋಲ್ಟೂ ತಿರುಗಿತು. ಇನ್ನೊಂದು ಸುತ್ತು ಕೊಟ್ಟೆ, ಬೋಲ್ಟು ಅಲ್ಲಾಡುವ ಹಲ್ಲಿನ ಹಾಗೆ ಮೇಲೆ ಬಂತು. ಅದರ ಮೈಗೆ ಕೆಂಪು ಪುಡಿ ಅಂಟಿತ್ತು. ಕಾಂಕ್ರೀಟಿನ ಪುಡಿ ಬೂದು. ಕೆಂಪು ಅಂದರೆ ಇಟ್ಟಿಗೆ. ಬೋಲ್ಟು ಕಾಂಕ್ರೀಟನ್ನು ಮುಟ್ಟಿರಲೇ ಇಲ್ಲ, ಬರೀ ಕೋಬಾದಲ್ಲಿ ನಿಂತಿತ್ತು. ಪಕ್ಕದ್ದೂ ಹಾಗೇ, ಅದರಾಚೆಯದೂ ಹಾಗೇ. ಆರು ಚೌಕಟ್ಟು, ಅಷ್ಟೂ ತಗಡು ಇಟ್ಟಿಗೆ ಚೂರುಗಳನ್ನು ನಂಬಿಕೊಂಡು ನಿಂತಿದ್ದವು. ಕೆಳಗೆ ಅಂಗನವಾಡಿಯ ಮಾಡು ಕಾಣುತ್ತಿತ್ತು.

ಮಿಸ್ತ್ರಿ ಅವತ್ತು ಅಲ್ಲೇ ಇದ್ದರು, ನೀರು ಇಳಿಯುವ ಪೈಪು ಕೂರಿಸಲು ಬಂದಿದ್ದರು. ವಾಕಿಂಗಿನ ಏಳೆಂಟು ಜನ ಇದ್ದರು, ಸೆಕ್ರೆಟರಿಯೂ ಇದ್ದರು. ನನ್ನ ತಲೆಗೆ ರಕ್ತ ಏರಿತು. ಬೋಲ್ಟನ್ನು ಮಿಸ್ತ್ರಿಯ ಕಾಲ ಬುಡಕ್ಕೆ ಎಸೆದೆ. ಎಲ್ಲರಿಗೂ ತಿಳಿಯಲಿ ಅಂತ ಹಿಂದಿಯಲ್ಲಿ ಕೂಗಿದೆ.

"ತೂನೇ ಧೋಖಾ ದಿಯಾ! ನಂಬಿ ಕರೆದುತಂದವನಿಗೇ ಮೋಸ ಮಾಡಿದೆ. ಕೆಳಗೆ ಮಕ್ಕಳಿದ್ದಾರೆ, ಕಣ್ಣು ಕಾಣಲ್ಲವಾ ನಿನಗೆ?"

ಇಷ್ಟು ವರ್ಷ 'ರೀ' ಅಂದವನು ಹಿಂದಿಯಲ್ಲಿ 'ತೂ' ಅಂದೆ. ಆ ಮನುಷ್ಯ ಬಗ್ಗಿ ಬೋಲ್ಟು ಎತ್ತಿಕೊಂಡು ಕೈಯಲ್ಲಿ ತಿರುಗಿಸಿ ನೋಡಿದರು. ಮೆಲ್ಲಗೆ ಕನ್ನಡದಲ್ಲಿ, "ನಕ್ಷಾ ಒಮ್ಮೆ ನೋಡ್ರಿ ಸಾಹೇಬ್ರ," ಅಂದರು.

"ನಕ್ಷೆ ನನಗೆ ಕಲಿಸಬೇಡ," ಅಂದೆ, ಮತ್ತೆ ಹಿಂದಿಯಲ್ಲಿ.

ಸೆಕ್ರೆಟರಿಗೆ ಇಷ್ಟೇ ಸಾಕಾಗಿತ್ತು. ಅಲ್ಲೇ ಮಿಸ್ತ್ರಿಯನ್ನು ಕೆಲಸದಿಂದ ತೆಗೆದರು, ಪೊಲೀಸ್ ಕಂಪ್ಲೇಂಟ್ ಕೊಡುತ್ತೇವೆ ಅಂದರು, ತಪ್ಪು ಆತನದೆಂದು ನೀವು ಒಂದು ಪತ್ರ ಬರೆದುಕೊಡಿ ಎಂದು ನನಗೆ ಹೇಳಿದರು. ಮಿಸ್ತ್ರಿ ಸಾಮಾನು ಚೀಲಕ್ಕೆ ತುಂಬಿಕೊಂಡು ಮೆಟ್ಟಿಲು ಇಳಿದರು. ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿತ್ತು.

"ಅಲ್ರೀ, ಬೈಯೋದ ಇದ್ರ ಒಳಗ ಕರದು ನಮ್ಮ ಮಾತಿನ್ಯಾಗ ಬೈಬೇಕಿತ್ತು. ಅಷ್ಟು ಮಂದಿ ಮುಂದ ಹಂಗ ಮಾನ ಕಳೀತಾರೇನು?"

ಅವಳ ಮೇಲೂ ರೇಗಿದೆ.

ಸೋಮವಾರ ಆಫೀಸಿಗೆ ಹೋಗಿ, ಪತ್ರಕ್ಕೆ ಲಗತ್ತಿಸಲು ಡ್ರಾಯಿಂಗು ತೆರೆದೆ. ಕಾಲಿನ ಬುಡದ ವಿವರವನ್ನು ದೊಡ್ಡದು ಮಾಡಿ ನೋಡಿದೆ. ಕಂಬದ ಕೆಳಗೆ ದಪ್ಪ ತಗಡಿನ ತಳ, ಅದರ ಕೆಳಗೊಂದು ಗೆರೆ, ಆ ಗೆರೆಯಿಂದ ಕೆಳಕ್ಕೆ ಆರು ಇಂಚು ಇಳಿದ ಬೋಲ್ಟು. ಗೆರೆಯ ಕೆಳಗೆಲ್ಲ ಕಾಂಕ್ರೀಟ್ ಎಂಬ ಗುರುತು. ಕೋಬಾ ಇಲ್ಲ. ಎಲ್ಲೂ ಇಲ್ಲ. ಈ ವಿವರವನ್ನು ನಾನು ಒಂದು ಹಳೇ ಗೋಡೌನಿನ ಡ್ರಾಯಿಂಗಿನಿಂದ ಎತ್ತಿ ಇಲ್ಲಿಗೆ ಅಂಟಿಸಿದ್ದೆ. ಗೋಡೌನಿನ ನೆಲದಲ್ಲಿ ಬರೀ ಕಾಂಕ್ರೀಟು, ಅಲ್ಲಿ ಅದು ಸರಿ. ನಮ್ಮ ಟೆರೇಸಿನಲ್ಲಿ ಕೋಬಾವೇ ಆರು ಇಂಚಿಗಿಂತ ದಪ್ಪ. ಮಿಸ್ತ್ರಿ ನಾನು ಬರೆದದ್ದಕ್ಕಿಂತ ಒಂದು ಕೂದಲು ಕಮ್ಮಿ ಮಾಡಿರಲಿಲ್ಲ, ಜಾಸ್ತಿಯೂ ಮಾಡಿರಲಿಲ್ಲ.

ಕೋಬಾದ ವಿಷಯಕ್ಕೆ ಎರಡು ಮೀಟಿಂಗು ಜಗಳ ಮಾಡಿದವನು ನಾನು. ಅದೇ ಕೋಬಾವನ್ನು ಚಿತ್ರದಲ್ಲಿ ಬಿಡಿಸಲು ಮರೆತವನೂ ನಾನು. ಥೂ ನನ್ನ ಜನ್ಮಕ್ಕೆ ಅಂದುಕೊಂಡೆ. ಅವತ್ತಿನ ನಾಚಿಕೆಯನ್ನು ಬರೆಯಲು ಬೇರೆ ಮಾತು ನನ್ನಲ್ಲಿಲ್ಲ. ಅದರ ಜೊತೆಗೇ ಇನ್ನೊಂದು ಯೋಚನೆಯೂ ಬಂತು, ಅದನ್ನೂ ಹೇಳಿಬಿಡುತ್ತೇನೆ. ಫೈಲು ನನ್ನ ಕೈಯಲ್ಲೇ ಇತ್ತು. ಒಂದು ಅಂಕಿ ಬದಲಿಸಿ ಎರಡು ಗೆರೆ ಎಳೆದರೆ ಮುಗಿಯುತ್ತಿತ್ತು, ಮೊದಲಿನಿಂದ ಹಾಗೇ ಇತ್ತು ಅನ್ನಬಹುದಿತ್ತು. ಸೊಸೈಟಿಯವರು ತಮ್ಮ ಪ್ರತಿಯನ್ನು ಎಲ್ಲಿಟ್ಟಿದ್ದಾರೆಂದು ಅವರಿಗೇ ಗೊತ್ತಿರಲಿಲ್ಲ. ಇನ್ನೊಂದು ಪ್ರತಿ ಇದ್ದದ್ದು ಮಿಸ್ತ್ರಿಯ ಹತ್ತಿರ ಮಾತ್ರ.

ಫೋನ್ ಮಾಡಿದೆ, ಸಂಜೆ ಬೊರಿವಲಿ ಸ್ಟೇಷನ್ನಿನ ಹೊರಗೆ ಸಿಕ್ಕರು. ನಾನು ಬಾಯಿ ತೆರೆಯುವ ಮುಂಚೆಯೇ ಚೀಲದಿಂದ ಮಡಚಿದ ಡ್ರಾಯಿಂಗು ತೆಗೆದು ನನ್ನ ಕೈಗೆ ಕೊಟ್ಟರು.

"ಇದೊಂದ ಐತಿ ನೋಡ್ರಿ ನನ್ನ ಕಡೆ. ಇಟಗೋರಿ."

"ತೂತು ಹೊಡೆಯೋವಾಗ ಕೆಂಪು ಪುಡಿ ಬಂತಲ್ಲ, ಕಾಂಕ್ರೀಟ್ ಸಿಕ್ಕಿಲ್ಲ ಅಂತ ಗೊತ್ತಾಗಲಿಲ್ಲೇನ್ರಿ?" ಅಂದೆ. ದನಿಯಲ್ಲಿ ಆಗಲೂ ಸಿಟ್ಟಿತ್ತು.

"ಗೊತ್ತಾತ್ರಿ. ಬುಡಕ ನಿಮ್ಮ ಮಲಗು ಖೋಲಿ ಐತಿ. ಸ್ಲ್ಯಾಬಿಗೆ ಹತ್ತಿದ್ರ ಸೋರತೈತಿ ಅಂತ ಲೆಕ್ಕಾ ಹಾಕೇ ಆರ ಇಂಚ ಬರದಿರಬೇಕು ಅಂತ ತಿಳ್ಕೊಂಡೆ. ಅಷ್ಟ ದೊಡ್ಡ ಎಂಜಿನಿಯರ್ರಿಗೆ ನಾ ಏನ ಕೇಳ್ಲಿ?"

ನಾನು ಡ್ರಾಯಿಂಗಿನ ಮಡಿಕೆ ಬಿಚ್ಚಿದೆ. ಅವರೇ ಮುಂದುವರಿಸಿದರು. "ನೀವು ಅಲ್ಲೇ ಇರಾವ್ರು. ದಿನಾ ಆ ಮಂದಿ ಮಾರಿ ನೋಡಾವ್ರು. ತಪ್ಪ ನಂದ ಅಂತ ಇರ್ಲಿ ಬಿಡ್ರಿ. ನಂಗ ಬ್ಯಾರೆ ಕಡೆ ಕೆಲಸ ಸಿಗತೈತಿ. ಆದ್ರ ಮಳಿ ಬರೂದ್ರೊಳಗ ಬೋಲ್ಟ್ ಒಂದ ಹಾಕಸ್ರಿ, ಯಾರ ಕಡೆಯಿಂದರ."

ಆ ಮನುಷ್ಯ ನನ್ನ ಕೊರಳ ಪಟ್ಟಿ ಹಿಡಿದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹೀಗೆ ಬಿಟ್ಟುಕೊಟ್ಟಿದ್ದಕ್ಕೆ ಮೈಯೆಲ್ಲ ಉರಿಯಿತು. ಅವರ ಡ್ರಾಯಿಂಗು ಹಿಡಿದುಕೊಂಡು ನೇರ ಸೊಸೈಟಿ ಆಫೀಸಿಗೆ ಹೋದೆ. ಸೆಕ್ರೆಟರಿ ಕಮಿಟಿಯವರನ್ನು ಕೂರಿಸಿಕೊಂಡಿದ್ದರು. ಮೇಜಿನ ಮೇಲೆ ಹಾಳೆ ಹರಡಿ, ತಪ್ಪು ಇಲ್ಲಿದೆ, ಇದು ನನ್ನ ಡ್ರಾಯಿಂಗು, ಇದು ನನ್ನ ಸಹಿ, ಆತ ನಾನು ಬರೆದದ್ದನ್ನೇ ಮಾಡಿದ್ದಾನೆ ಅಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಸೆಕ್ರೆಟರಿ ನನ್ನ ಭುಜದ ಮೇಲೆ ಕೈಯಿಟ್ಟರು.

"ಸಾಹೇಬ್, ನೀವು ನಮ್ಮ ಬಿಲ್ಡಿಂಗಿನವರು. ಅವನು ಹೊರಗಿನವನು. ಹೆಸರು ಅವನದೇ ಇರಲಿ, ಕೆಲಸ ಬೇರೆಯವರಿಂದ ಮಾಡಿಸೋಣ. ಮಳೆಗಾಲ ಮುಗಿಯಲಿ."

ಆ ಕೈಯನ್ನು ನಾನು ತಳ್ಳಿದೆ. ಹಿಂದಿನ ದಿನ ನಾನು ಮಾಡಿದ್ದೂ ಅದೇ ಕೆಲಸವಲ್ಲವೇ? ಹೊರಗಿನವನ ತಲೆಗೆ ಕಟ್ಟಿದ್ದೆ. ಮಳೆಗಾಲ ಮುಗಿಯುವವರೆಗೆ ಅಂಗನವಾಡಿಯ ಮಕ್ಕಳು ಈ ಮಾಡಿನ ಕೆಳಗೆ ಕೂರಬೇಕೇ ಎಂದು ಕೇಳಿದೆ. ಎಲ್ಲ ಸರಿಯಿದೆ ಎಂದು ಕೊಟ್ಟ ನನ್ನ ಪತ್ರವನ್ನು ಈಗಲೇ ವಾಪಸ್ ತೆಗೆದುಕೊಳ್ಳುತ್ತೇನೆ, ನಾಳೆ ನಗರಪಾಲಿಕೆಯ ವಾರ್ಡ್ ಆಫೀಸಿಗೆ ನಾನೇ ಹೋಗಿ ಹೇಳುತ್ತೇನೆ, ಆಮೇಲೆ ನೀವುಂಟು ಅವರುಂಟು ಅಂದೆ. ಅದಕ್ಕೆ ಹೆದರಿದರು. ಅದೇ ಮಿಸ್ತ್ರಿ ಬಂದು ಹೊಸದಾಗಿ ಬೋಲ್ಟು ಹಾಕಲಿ ಎಂದು ತೀರ್ಮಾನವಾಯಿತು. ಸೆಕ್ರೆಟರಿ ರಿಜಿಸ್ಟರಿನಲ್ಲಿ 'ತಾಂತ್ರಿಕ ಕಾರಣದಿಂದ' ಎಂದು ಬರೆದರು. ರಿಜಿಸ್ಟರ್ ಕಸಿದುಕೊಂಡು ಅದನ್ನು ಹೊಡೆದು ಹಾಕಿ 'ಎಂಜಿನಿಯರನ ತಪ್ಪಿನಿಂದ' ಎಂದು ನಾನೇ ಬರೆದೆ. ಮರುದಿನ ಅಂಗನವಾಡಿಗೆ ಹೋಗಿ ಮಕ್ಕಳನ್ನು ಈ ವಾರ ಚಾಳಿನ ಆ ತುದಿಯ ಕೋಣೆಯಲ್ಲಿ ಕೂರಿಸಿ ಅಂದೆ. ಏಕೆ ಎಂದು ಅಲ್ಲಿನ ಟೀಚರ್ ಕೇಳಿದರು. ಅವರಿಗೂ ಹೇಳಿದೆ.

ನಾಲ್ಕು ದಿನದ ಕೆಲಸ. ಒಂದೊಂದು ಕಾಲಿನ ಬುಡದಲ್ಲಿ ಕೋಬಾ ಒಡೆದು, ಕಾಂಕ್ರೀಟ್ ಕಾಣುವವರೆಗೆ ಕೆದಕಿ, ಬಿಲ್ಡಿಂಗಿನ ಕಂಬದೊಳಕ್ಕೆ ತೂತು ಕೊರೆದು, ಹೊಸ ಉದ್ದನೆಯ ಬೋಲ್ಟು ಇಳಿಸಿ, ಅಂಟು ತುಂಬಿ, ಸುತ್ತ ನೀರು ಇಳಿಯದಂತೆ ಕಟ್ಟೆ ಕಟ್ಟಬೇಕು. ಪುಡಿ ಬೂದು ಬಂತು. ಮುಗಿದ ಮೂರನೇ ದಿನಕ್ಕೆ ಮಳೆಯೂ ಗಾಳಿಯೂ ಕೂಡಿಯೇ ಬಂದವು, ಶೆಡ್ಡು ಕೂದಲಷ್ಟೂ ಅಲುಗಲಿಲ್ಲ. ಸೆಕ್ರೆಟರಿ ಮತ್ತೆ ಪೇಡೆ ಹಂಚಿದರು, ನಾನು ತಿನ್ನಲಿಲ್ಲ.

ಆದರೆ ನನ್ನ ತಲೆಯಲ್ಲಿ ಉಳಿದಿರುವುದು ಆ ಗಾಳಿಯಲ್ಲ, ಮೊದಲ ದಿನ ಕೆಲಸ ಶುರುವಾಗುವ ಮುಂಚಿನ ಹತ್ತು ನಿಮಿಷ. ಬೆಳಗಿನ ವಾಕಿಂಗಿನವರೆಲ್ಲ ಇದ್ದರು, ಬೇಕೆಂದೇ ಆ ಹೊತ್ತಿಗೆ ಕರೆಸಿದ್ದೆ. ಬೈದದ್ದು ಯಾವ ಭಾಷೆಯಲ್ಲೋ ಅದರಲ್ಲೇ, ಅದೇ ಜನರ ಮುಂದೆ, ಅಷ್ಟೇ ಗಟ್ಟಿಯಾಗಿ, "ಗಲತಿ ಮೇರೀ ಥೀ, ತಪ್ಪು ನನ್ನದು, ಇವರದಲ್ಲ," ಅಂದೆ. ಕೈ ಮುಗಿದೆ. ಮಿಸ್ತ್ರಿ ಮುಖ ಎತ್ತಲಿಲ್ಲ. ಡ್ರಿಲ್ ಮಷಿನ್ನಿನ ವಯರು ಬಿಚ್ಚುತ್ತಲೇ ಇದ್ದರು.

"ಶುರು ಮಾಡ್ರಿ. ಈ ಸಲ ಎಂಟು ಇಂಚು," ಅಂದೆ ಕನ್ನಡದಲ್ಲಿ.

"ಬರದ ಕೊಡ್ರಿ," ಅಂದರು. "ಸಹಿ ಹಾಕ್ರಿ. ಬಾಯಿ ಮಾತಿನ ಮ್ಯಾಲ ನಾ ಇನ್ನ ತೂತ ಹೊಡ್ಯಾಂವಲ್ಲ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಟೆರೇಸಿನ ಕಟ್ಟೆಯ ಮೇಲೆ ಕೂತು ಡ್ರಾಯಿಂಗಿನ ಹಿಂಬದಿಯಲ್ಲಿ ಕಾಲಿನ ಚಿತ್ರ ಬರೆದೆ, ಬೋಲ್ಟಿನ ದಪ್ಪ ಬರೆದೆ, ಎಂಟು ಇಂಚು ಎಂದು ದಪ್ಪಗೆ ಬರೆದೆ, ಸಹಿ ಮಾಡಿ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ. ಆಮೇಲೆ ಎಂಟು ಇಂಚಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು.

"ಎಲ್ಲಿಂದ ಅಳೀಲಿ ಇದನ್ನ? ಕೋಬಾದ ಮ್ಯಾಲಿಂದೋ, ಒಳಗಿನ ಕಾಂಕ್ರೀಟಿನಿಂದೋ?"

ಕಾಗದವನ್ನು ವಾಪಸ್ ಈಸಿಕೊಂಡು ನೋಡಿದೆ. ಕೋಬಾವನ್ನು ನಾನು ಈ ಸಲವೂ ಬರೆದಿರಲಿಲ್ಲ.